ಬ್ರಸೆಲ್ಸ್‌ನ ಹುಳಿ ಬಿಯರ್: ಹೊರಡುವ ಮುನ್ನ ತಿಂಗಳು ನೋಡಿ

ಹುಳಿ ಬಿಯರಿನ ರುಚಿ ನೋಡಲೆಂದೇ ಬೆಲ್ಜಿಯಂಗೆ ಹೊರಡುವವರು ವಿಮಾನದ ದರಕ್ಕಿಂತ ಮೊದಲು ತಿಂಗಳನ್ನು ನೋಡಬೇಕು. ಬ್ರಸೆಲ್ಸ್ ಹಾಗೂ ಅದರ ನೈಋತ್ಯಕ್ಕಿರುವ ಪಾಯೋಟನ್‌ಲ್ಯಾಂಡ್ ಸೀಮೆಯ ಲ್ಯಾಂಬಿಕ್ ಬಿಯರನ್ನು ಸುಮಾರಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಚಳಿಯಿರುವಾಗ ಮಾತ್ರ ಕಾಯಿಸುತ್ತಾರೆ. ಇದಕ್ಕೆ ಯಾರೂ ಯೀಸ್ಟ್ ಹಾಕುವುದಿಲ್ಲ. ಮೊಳಕೆ ಬರಿಸಿದ ಬಾರ್ಲಿ ಮತ್ತು ಹಸಿ ಗೋಧಿಯಿಂದ ತೆಗೆದ ಸಿಹಿ ರಸವನ್ನು ಹಳೆಯ ಹಾಪ್ಸ್ (ಬಿಯರಿಗೆ ಹಾಕುವ ಕಹಿ ಹೂವು) ಜೊತೆ ಕುದಿಸಿ, ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟರೆ, ರುಬ್ಬಿಟ್ಟ ದೋಸೆ ಹಿಟ್ಟು ತಾನಾಗಿ ಹುದುಗು ಬರುವಂತೆ, ಸುತ್ತಲಿನ ಸೂಕ್ಷ್ಮಜೀವಿಗಳೇ ಉಳಿದ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ರಸವನ್ನು ಕೆಡಿಸುವ ಜೀವಿಗಳೂ ಹೆಚ್ಚು, ರಸ ಬೇಗ ತಣಿಯುವುದೂ ಇಲ್ಲ.

ನಾವು ಹೋದದ್ದು ಮಾರ್ಚ್ ಕೊನೆಯ ವಾರದಲ್ಲಿ. ಮೊದಲ ದಿನ ಅಂಡರ್‌ಲೆಕ್ಟ್ ಭಾಗದಲ್ಲಿರುವ ಕಾಂಟಿಯೋನ್ ಬ್ರೂವರಿಗೆ ಹೊರಟೆವು. 1900ರಲ್ಲಿ ಆರಂಭವಾದ ಇದು ಇಂದಿಗೂ ಕೆಲಸ ಮಾಡುತ್ತಿರುವ ಬ್ರೂವರಿ, ಜೊತೆಗೆ ವಸ್ತುಸಂಗ್ರಹಾಲಯವೂ ಹೌದು. ದಕ್ಷಿಣದ ದೊಡ್ಡ ರೈಲು ನಿಲ್ದಾಣದಿಂದ ಹದಿನೈದು ನಿಮಿಷ ನಡೆದರೆ ಸಾಕು. ವಾರದಲ್ಲಿ ಎಲ್ಲ ದಿನ ತೆರೆದಿರುವುದಿಲ್ಲ ಎಂಬುದನ್ನು ನೋಡಿಕೊಳ್ಳದೆ ಹೋದ ನಾವು, ಮುಚ್ಚಿದ ಬಾಗಿಲಿನ ಮುಂದೆ ಮಳೆಯಲ್ಲಿ ನಿಂತು ಹಿಂದಿರುಗಬೇಕಾಯಿತು. ತಪ್ಪು ಸಂಪೂರ್ಣವಾಗಿ ನಮ್ಮದೇ.

ಮರುದಿನ ಒಳಗೆ ಕಾಲಿಟ್ಟಾಗ ಮೊದಲು ಬಡಿದದ್ದು ಒದ್ದೆ ಮರದ ಮತ್ತು ಹುಳಿಸಿದ ಹಣ್ಣಿನ ವಾಸನೆ. ಅಟ್ಟದಲ್ಲಿ ಆ ತಾಮ್ರದ ತೊಟ್ಟಿ. ಕೆಳಗೆ ಮಬ್ಬು ಬೆಳಕಿನಲ್ಲಿ ಸಾಲುಸಾಲು ಪೀಪಾಯಿಗಳು. ಹೊಸ ಪೀಪಾಯಿಯೊಂದರ ಬಾಯಿಯಿಂದ ಕಂದು ನೊರೆ ಉಕ್ಕಿ, ಹೊಟ್ಟೆಯ ಮೇಲೆ ಇಳಿದು ಒಣಗಿತ್ತು. ಮೂಲೆಗಳ ಜೇಡರಬಲೆಯನ್ನು ಇಲ್ಲಿ ಯಾರೂ ಗುಡಿಸುವುದಿಲ್ಲ, ಏಕೆಂದರೆ ಹಣ್ಣಿನ ನೊಣಗಳನ್ನು ಹಿಡಿಯುವುದು ಜೇಡಗಳೇ.

ಕುಡಿಯುವ ಕ್ರಮದ ಬಗ್ಗೆ ನನ್ನ ಸಲಹೆ ಖಚಿತವಾಗಿದೆ: ನೊರೆಯಿಲ್ಲದ ಬರಿಯ ಲ್ಯಾಂಬಿಕ್‌ನಿಂದಲೇ ಆರಂಭಿಸಿ. ಮೊದಲ ಗುಟುಕಿಗೆ ಮುಖ ಕಿವುಚಿಕೊಳ್ಳುವುದು ಸಹಜ. ಮೂರನೆಯದಕ್ಕೆ ನಾಲಗೆ ಒಪ್ಪುತ್ತದೆ. ಅನಂತರ ಗ್ಯೂಜ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದಾಗ, ಎಳೆಯದರಲ್ಲಿ ಉಳಿದಿರುವ ಸಕ್ಕರೆಯೇ ಮತ್ತೆ ಹುದುಗಿ ನೊರೆ ಕೊಡುತ್ತದೆ. ನನಗೆ ಅದರಲ್ಲಿ ನಿಂಬೆ ಸಿಪ್ಪೆ, ಒಣಹುಲ್ಲು ಮತ್ತು ಸ್ವಲ್ಪ ಕೊಟ್ಟಿಗೆಯ ವಾಸನೆ ಕಂಡವು. ಕೊಟ್ಟಿಗೆ ಎಂದದ್ದು ನಿಂದೆಯಲ್ಲ, ಅಲ್ಲಿಯವರೂ ಹಾಗೆಯೇ ಹೇಳುತ್ತಾರೆ.

ಹಣ್ಣಿನ ಸರದಿ ಕೊನೆಗೆ ಬರಲಿ. ಹುಳಿ ಚೆರ್ರಿಯ ಕ್ರೀಕ್ ಎಲ್ಲೆಡೆ ಸಿಗುತ್ತದೆ. ಪುನರ್ಪುಳಿ ಸಾರು ಕುಡಿದು ಬೆಳೆದವರಿಗೆ ಅದರ ಬಣ್ಣವೂ ಹುಳಿಯೂ ಹೊಸದೆನಿಸುವುದಿಲ್ಲ. ಆದರೆ ಆಪ್ರಿಕಾಟ್ ಹಾಕಿದ ಕಾಂಟಿಯೋನ್‌ನ ಫೂ ಫೂನ್ ಬೇಕೆಂದರೆ ಅದೃಷ್ಟವಿರಬೇಕು. ಹಣ್ಣು ಬರುವುದೇ ಬೇಸಿಗೆಯಲ್ಲಿ, ಪೀಪಾಯಿಯಲ್ಲಿ ನೆನೆದ ಮೇಲೆಯೇ ಬಾಟಲಿ, ಅದೂ ಬೇಗ ಖಾಲಿ. ಮಾರ್ಚ್‌ನಲ್ಲಿ ನಮಗೆ ಅದು ಸಿಗಲಿಲ್ಲ. ಬ್ರೂವರಿ ಕೆಲಸ ನೋಡಬೇಕೆನ್ನುವವರು ಚಳಿಯಲ್ಲಿ ಹೋಗಲಿ, ಹಣ್ಣಿನ ಬಿಯರ್ ಮುಖ್ಯವೆನ್ನುವವರು ಬೇಸಿಗೆ ಕಳೆದ ಮೇಲೆ ಹೋಗಲಿ; ಒಂದೇ ಪ್ರವಾಸದಲ್ಲಿ ಎರಡನ್ನೂ ಬಯಸಿ ನಿರಾಶರಾಗಬೇಡಿ. ಅಂಗಡಿಯಲ್ಲಿ ಕೊಳ್ಳುವಾಗ ಚೀಟಿಯ ಮೇಲೆ ‘ಔಡ’ ಎಂಬ ಡಚ್ ಪದವಿದೆಯೇ ನೋಡಿ. ‘ಹಳೆಯದು’ ಎಂಬ ಅರ್ಥದ ಈ ಪದ ಗ್ಯೂಜ್ ಅಥವಾ ಕ್ರೀಕ್ ಹೆಸರಿನ ಮುಂದೆ ಇದ್ದರೆ ಅದು ಸಾಂಪ್ರದಾಯಿಕ ವಿಧಾನದ್ದು, ಐರೋಪ್ಯ ಒಕ್ಕೂಟದ ನಿಯಮದಿಂದ ರಕ್ಷಿತವಾದದ್ದು. ಅದಿಲ್ಲದ ಹಲವು ಕ್ರೀಕ್‌ಗಳು ಶರಬತ್ತಿನಷ್ಟು ಸಿಹಿ.

ಒಂದು ದಿನ ಹೆಚ್ಚಿಗೆ ಇದ್ದರೆ ರೈಲಿನಲ್ಲಿ ಬೇರ್ಸೆಲ್‌ಗೆ ಹೋಗಬಹುದು. ಅಲ್ಲಿ ಹಳೆಯ ಕೋಟೆಯೂ, 1882ರಿಂದ ಇರುವ ಔಡ್ ಬೇರ್ಸೆಲ್ ಬ್ರೂವರಿಯೂ ಇವೆ. ಎರಡು ವರ್ಷಕ್ಕೊಮ್ಮೆ ವಸಂತದಲ್ಲಿ ‘ಟೂರ್ ದ ಗ್ಯೂಜ್’ ನಡೆಯುತ್ತದೆ. ಆಗ ಇಂತಹ ಹಲವು ಬ್ರೂವರಿಗಳು ಒಂದೇ ವಾರಾಂತ್ಯದಲ್ಲಿ ಬಾಗಿಲು ತೆರೆಯುವುದರಿಂದ ಬಸ್ಸಿನ ಸೀಟನ್ನು ಬಹಳ ಮುಂಚೆ ಕಾಯ್ದಿರಿಸಬೇಕು.

ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. 750 ಮಿಲಿಲೀಟರಿನ ಎರಡು ಬಾಟಲಿಗಳ ಜೊತೆ 375ರ ಒಂದು ಸೇರಿಸಿದರೆ ಲೆಕ್ಕದೊಳಗೆ ಬರುತ್ತದೆ. ಒಳಗಿನ ಒತ್ತಡ ಹೆಚ್ಚಿರುವುದರಿಂದ ಒಂದೊಂದನ್ನೂ ಉಣ್ಣೆಯ ಕಾಲುಚೀಲದೊಳಗೆ ಇಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪೆಟ್ಟಿಗೆಯ ನಡುವೆ ಬಟ್ಟೆಗಳ ಮಧ್ಯೆ ಇಡಿ. ಮನೆ ತಲುಪಿದ ಮೇಲೆ ಒಂದೆರಡು ವಾರ ತಂಪಾದ ಕತ್ತಲೆಯಲ್ಲಿ ಅಲುಗಾಡದಂತೆ ಇಟ್ಟು, ತಳದ ಗಷ್ಟು ಕದಡದಂತೆ ಬಗ್ಗಿಸಿ.