ಎಲ್ಲರೂ ಮುಂದಿನ ಮೆಟ್ಟಿಲಿಗೇ ಯಾಕೆ ಹೋದರು?

ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ನಾನು ಸೇಫ್ಟಿ ಕೆಲಸ ನೋಡಿಕೊಳ್ಳುತ್ತೇನೆ. ಹೋದ ಏಪ್ರಿಲ್‌ನಲ್ಲಿ ಕೆಳಗಿನ ಕಟಿಂಗ್ ಸೆಕ್ಷನ್ನಿನ ಚಿಂದಿ ರಾಶಿಗೆ ಬೆಂಕಿ ಹತ್ತಿತು. ಹುಡುಗರೇ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಮೇಲಿನ ಹೊಲಿಗೆ ಲೈನಿನವರು, ಹಿಂದಿನ ಮೆಟ್ಟಿಲು ನಾಲ್ಕೇ ಹೆಜ್ಜೆ ದೂರದಲ್ಲಿದ್ದರೂ, ಹೊಗೆ ಬರುತ್ತಿದ್ದ ಮುಂದಿನ ಮೆಟ್ಟಿಲಿಗೇ ಹೋದರು. ಯಾಕೆ ಅಂತ ತಿಳಿಯೋಕೆ ನನಗೆ ಮೂರು ವಾರ ಹಿಡಿಯಿತು.

ಕೇಳಿದ ರೀತಿಯೇ ತಪ್ಪಾಗಿತ್ತು. ಮರುದಿನ ಮ್ಯಾನೇಜರ್ ಕ್ಯಾಬಿನ್ನಿಗೆ ಒಬ್ಬೊಬ್ಬರನ್ನೇ ಕರೆಸಿ, ಫಾರಂ ಮುಂದಿಟ್ಟುಕೊಂಡು ಕೇಳಿದೆ. 'ಸೈರನ್ ಕೇಳಿದ ಕೂಡಲೇ ಗಾಬರಿಯಾಗಿ ಓಡಿದೆ' ಅಂತ ಎಲ್ಲರದ್ದೂ ಒಂದೇ ಉತ್ತರ. ಸಿಸಿಟಿವಿಯಲ್ಲಿ ನೋಡಿದರೆ ಒಂದೂವರೆ ನಿಮಿಷ ಯಾರೂ ಎದ್ದೇ ಇಲ್ಲ. ಒಬ್ಬಾಕೆ ಪ್ಯಾಂಟಿನ ಹೊಲಿಗೆ ಕೊನೆಮುಟ್ಟಿಸಿ, ನೂಲು ಕತ್ತರಿಸಿ, ಆಮೇಲೆ ಪಕ್ಕದವಳ ಮುಖ ನೋಡುತ್ತಾಳೆ. ಪಕ್ಕದವಳು ಸೂಪರ್‌ವೈಸರ್ ಕಡೆ ನೋಡುತ್ತಾಳೆ. ಅವರು ಸುಳ್ಳು ಹೇಳಿರಲಿಲ್ಲ, ಹೆದರಿಕೆಯೊಂದೇ ನೆನಪಿನಲ್ಲಿ ಉಳಿದಿತ್ತು ಅಷ್ಟೇ.

ಇದು ನಮ್ಮ ಲೈನಿನವರದ್ದು ಮಾತ್ರ ಅಲ್ಲ. ಅಮೆರಿಕದಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಣೆಗೆ ಹೊಗೆ ಬಿಟ್ಟಾಗ ಒಬ್ಬರೇ ಕೂತಿದ್ದವರಲ್ಲಿ ಶೇ. 75 ಮಂದಿ ಎದ್ದು ಬಂದು ತಿಳಿಸಿದರು. ಏನೂ ಆಗದವರಂತೆ ಕೂತ ಇಬ್ಬರು ಜೊತೆಗಿದ್ದಾಗ ಬಂದವರು ಶೇ. 10 ಮಾತ್ರ! 1979ರಲ್ಲಿ ಮ್ಯಾಂಚೆಸ್ಟರಿನ ವುಲ್‌ವರ್ತ್ಸ್ ಅಂಗಡಿಗೆ ಬೆಂಕಿ ಬಿದ್ದು 10 ಜನ ಸತ್ತರು, ಅಂಗಡಿಯೊಳಗಿನ ಹೋಟೆಲಿನಲ್ಲಿ ಕೂತಿದ್ದ ಕೆಲವರು ಊಟ ಬಿಟ್ಟು, ಬಿಲ್ ಕೊಡದೆ ಏಳೋಕೆ ಹಿಂದೆಮುಂದೆ ನೋಡಿದ್ದರು.

ನಿಜವಾದ ಬೆಂಕಿ ಹಚ್ಚಿ ಜನರನ್ನು ಪರೀಕ್ಷೆ ಮಾಡೋಕಾಗಲ್ಲ, ಮಾಡಲೂಬಾರದು. ಹಾಗಾಗಿ ಡ್ರಿಲ್, ಅಂದರೆ ಬೆಂಕಿ ಬಿದ್ದಾಗ ಹೊರಬರುವ ಅಭ್ಯಾಸ, ಇಟ್ಟೆ. ನಾಲ್ಕು ಗಂಟೆಗೆ ಅಂತ ಮೊದಲೇ ಹೇಳಿದ್ದಕ್ಕೆ ಎಲ್ಲರೂ ಪರ್ಸ್ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ತಯಾರಾಗಿ ನಿಂತಿದ್ದರು. ಸುಮಾರು ಚೆನ್ನಾಗಿಯೇ ಹಿಂದಿನ ಮೆಟ್ಟಿಲಿಂದ ಇಳಿದರು. ಆ ಚಪ್ಪಲಿ ನೋಡಿಯೂ ನನಗೆ ಹೊಳೆಯಲಿಲ್ಲ.

ಕೊನೆಗೆ ಒಂದಿನ ಫಾರಂ ಪೆನ್ನು ಏನೂ ಇಲ್ಲದೆ, ಚಹಾ ಹೊತ್ತಲ್ಲಿ ನೂಲು ಕತ್ತರಿಸುವ ಅಕ್ಕನ ಪಕ್ಕ ಕೂತೆ. 'ಅವತ್ತು ಏನಾಯ್ತು, ಮೊದಲಿಂದ ಹೇಳಕ್ಕ' ಅಂದೆ, ನಡುವೆ ಬಾಯಿ ಹಾಕಲಿಲ್ಲ. ಟಿಫಿನ್ ಡಬ್ಬಿ ಎತ್ತಿಕೊಂಡಿದ್ದು, ತಂಗಿಯನ್ನು ಹುಡುಕಿದ್ದು ಎಲ್ಲ ಹೇಳಿದರು. ಆಮೇಲೆ, 'ಚಪ್ಪಲಿ ಆ ಕಡಿ ಇದ್ವಲ್ರೀ ಸರ್, ಅಂಥಾ ಬಿಸಿಲಾಗ ಬರಿಗಾಲಾಗ ಎಲ್ಲಿ ನಿಂದ್ರಾದು?' ಅಂದರು.

ಚಪ್ಪಲಿ ಒಳಗೆ ತರಬಾರದು, ಮುಂದಿನ ಬಾಗಿಲಲ್ಲೇ ಬಿಡಬೇಕು ಅನ್ನೋದು ನಮ್ಮದೇ ನಿಯಮ. ಬಳ್ಳಾರಿ ಏಪ್ರಿಲ್ ಮಧ್ಯಾಹ್ನದ ಸಿಮೆಂಟ್ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲೋಕಾಗುತ್ತಾ?

ಈಗ ಹಿಂದಿನ ಮೆಟ್ಟಿಲ ಹತ್ತಿರ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದೇವೆ. ಮುಂದಿನ ತಿಂಗಳು ಹೇಳದೆ ಡ್ರಿಲ್ ಮಾಡಿ ನೋಡಬೇಕು. ಆದರೆ ಲೈನಿನಲ್ಲಿ ಇಬ್ಬರು ಬಸುರಿಯರಿದ್ದಾರೆ, ಅವರು ಗಾಬರಿಯಲ್ಲಿ ಮೆಟ್ಟಿಲಿಳಿಯಬಾರದು. ಅವರಿಗೆ ಮಾತ್ರ ಮೊದಲೇ ಹೇಳಿದರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೆ ದಾರಿ ಇನ್ನೂ ಹುಡುಕುತ್ತಿದ್ದೇನೆ.