ಹೊಸ ಕ್ಲಾಕ್ ಸ್ಪ್ರಿಂಗ್ ಹಾಕಿದರೂ ಆರದ ಏರ್‌ಬ್ಯಾಗ್ ಲೈಟು: ಕೊನೆಗೂ ಕಳ್ಳ ಸಿಕ್ಕಿದ

ಲೈಟು ಆರಿತು! ಲೆಫ್ಟಿಗೆ ಫುಲ್ ಕಟ್ ಮಾಡಿದೆ, ರೈಟಿಗೆ ಫುಲ್ ಕಟ್ ಮಾಡಿದೆ, ಹಂಪು ಹಾರಿಸಿದೆ. ಏರ್‌ಬ್ಯಾಗ್ ಲೈಟು ಬರಲೇ ಇಲ್ಲ. ಇದಕ್ಕೆಲ್ಲ ಕಾರಣ ಕ್ಲಾಕ್ ಸ್ಪ್ರಿಂಗ್, ಅಂದರೆ ಸ್ಟೀರಿಂಗ್ ಎಷ್ಟು ತಿರುಗಿದರೂ ಏರ್‌ಬ್ಯಾಗ್, ಹಾರ್ನ್ ಸಂಪರ್ಕ ತಪ್ಪದಂತೆ ವೀಲ್ ಹಿಂದೆ ಕೂತಿರುವ ಸುರುಳಿ. ಹಾರ್ನ್ ಕೂಡ ಎಲ್ಲ ಕಡೆಯೂ ಕೂಗುತ್ತಿದೆ. ಹಾರ್ನ್ ಇಲ್ಲದೆ ಬೆಂಗಳೂರಲ್ಲಿ ಓಡಾಡುವುದು ತಪಸ್ಸೇ ಸರಿ ಅಲ್ವಾ.

ಬಿಚ್ಚುವ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಬ್ಯಾಟರಿ ನೆಗೆಟಿವ್ ತೆಗೆದು ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯುವುದು, ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ದೂರ ಇಡುವುದು, ಶಾಫ್ಟಿಗೂ ವೀಲಿಗೂ ಗುರುತು ಹಾಕಿ ನಟ್ ಬಿಚ್ಚುವುದು. ಅದನ್ನೆಲ್ಲ ಬಿಡುತ್ತೇನೆ. ನನ್ನ ತಲೆ ತಿಂದದ್ದು ಆಮೇಲಿನ ಕಥೆ.

ಮೊದಲು ಹಳೇ ಕ್ಲಾಕ್ ಸ್ಪ್ರಿಂಗ್. ಸ್ಟೀರಿಂಗ್ ನೇರ ಇದ್ದಾಗ ಹಾರ್ನ್ ಸತ್ತಿರುತ್ತಿತ್ತು, ಸ್ವಲ್ಪ ತಿರುಗಿಸಿದರೆ ಜೀವ ಬರುತ್ತಿತ್ತು. ಏರ್‌ಬ್ಯಾಗ್ ಲೈಟು ಮಾತ್ರ ಸದಾ ಆನ್. ನಮ್ಮ ಹತ್ತಿರ ಇರುವ ಅಗ್ಗದ ಬ್ಲೂಟೂತ್ ಓಬಿಡಿ ಡಬ್ಬಿ (ಕಾರಿನ ದೋಷ ಹೇಳುವ ಸ್ಕ್ಯಾನರ್) ಎಂಜಿನ್ನಿನ ದೋಷದ ಕೋಡ್ ಓದುತ್ತದೆ ಅಷ್ಟೇ. ಏರ್‌ಬ್ಯಾಗ್ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರನ್ನು ಗೆಳೆಯನ ಗ್ಯಾರೇಜಿಂದ ತಂದು ನೋಡಿದರೆ, ಡ್ರೈವರ್ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಎಂದಿತು. ಬಿಚ್ಚಿ ನೋಡಿದೆ. ಒಳಗೆ ದರ್ಜಿಯ ಟೇಪಿನ ಹಾಗೆ ಸುತ್ತಿದ ಪಾರದರ್ಶಕ ರಿಬ್ಬನ್, ಅದರೊಳಗೆ ತಾಮ್ರದ ಗೆರೆಗಳು. ರಿಬ್ಬನ್ ಯು ಆಕಾರದಲ್ಲಿ ತಿರುಗುವ ಕಡೆ ಎರಡು ಗೆರೆಗಳ ಮೇಲೆ ಕೂದಲೆಳೆ ಬಿರುಕು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಬೆಸುಗೆ ಹಾಕಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಏರ್‌ಬ್ಯಾಗ್ ಸಿಡಿಯಬೇಕಾದ ಆ ಒಂದು ಕ್ಷಣದಲ್ಲಿ ಕರೆಂಟು ಹೋಗಬೇಕಾದ ದಾರಿ ಅದು.

ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದೆ. ಒರಿಜಿನಲ್ ಇಲ್ಲ, ಅರ್ಧಕ್ಕಿಂತ ಕಡಿಮೆ ಬೆಲೆಯ ಬದಲಿ ಪೀಸ್ ಇದೆ ಎಂದರು. ಸುರುಳಿಯನ್ನು ಸರಿಯಾಗಿ ಮಧ್ಯದಲ್ಲೇ ಹಿಡಿದಿಡುವ ಲಾಕ್ ಪಿನ್ ಕೂಡ ಇತ್ತು, ನೋಡೋಕೆ ಚೆನ್ನಾಗಿಯೇ ಇತ್ತು. ಹಾಕಿ, ಕೋಡ್ ಅಳಿಸಿದೆ. ಲೈಟು ಆರಿತು. ಆದರೆ ಬೇಸ್‌ಮೆಂಟಲ್ಲಿ ಗಾಡಿ ನಿಲ್ಲಿಸಲು ರೈಟಿಗೆ ಫುಲ್ ಕಟ್ ಮಾಡಿದ ತಕ್ಷಣ ಮತ್ತೆ ಬಂತು! ಅಳಿಸಿದೆ, ಮತ್ತೆ ಅದೇ ತಿರುವಿನಲ್ಲಿ ಬಂತು. ಸ್ಟೀರಿಂಗ್ ಕಾಲಮ್ ಕೆಳಗಿನ, ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ನೋಡಿದೆ, ಲಾಕ್ ಪೂರ್ತಿ ಕೂತಿದೆ. ವೈರಿಂಗ್ ಅಲ್ಲಾಡಿಸಿದೆ, ಏನೂ ಇಲ್ಲ. ಹಾಗಾದರೆ ಹೊಸ ಪೀಸನ್ನೇ ಹೊರಗೆ ತೆಗೆದು ಟೇಬಲ್ ಮೇಲೆ ಇಟ್ಟುಕೊಳ್ಳಬೇಕು.

ಇಲ್ಲಿಂದ ಮಜಾ ಶುರು. ಹಳದಿ ಕನೆಕ್ಟರಿನೊಳಗೆ ಒಂದು ಪುಟ್ಟ ಶಾರ್ಟಿಂಗ್ ಪಟ್ಟಿ ಇರುತ್ತದೆ. ಕನೆಕ್ಟರ್ ಕಳಚಿದ ಕೂಡಲೇ ಅದು ಎರಡೂ ಪಿನ್ನನ್ನು ಸೇರಿಸಿಬಿಡುತ್ತದೆ. ಮೈಮೇಲಿನ ಸ್ಟ್ಯಾಟಿಕ್ ಚಾರ್ಜಿನಿಂದ ಏರ್‌ಬ್ಯಾಗ್ ಸಿಡಿಯಬಾರದು ಅಂತ ಆ ಏರ್ಪಾಡು. ಅಳತೆಗೆ ಅದು ಅಡ್ಡಿ ಅಂತ ಮೊದಲು ಅನ್ನಿಸಿತು. ಆಮೇಲೆ ಹೊಳೆಯಿತು, ಅದು ವರ! ನನ್ನ ಪೀಸಿನಲ್ಲಿ ಪಟ್ಟಿ ಕೆಳಗಿನ ತುದಿಯಲ್ಲಿದೆ. ಮೇಲಿನ ತುದಿಯ ಎರಡು ಪಿನ್ನಿಗೆ ಮೀಟರ್ ಹಿಡಿದರೆ ಕರೆಂಟು ಒಂದು ಗೆರೆಯಲ್ಲಿ ಇಳಿದು ಇನ್ನೊಂದರಲ್ಲಿ ಮೇಲೆ ಬರುತ್ತದೆ. ಒಂದೇ ಸಲಕ್ಕೆ ಎರಡೂ ಚೆಕ್ ಆದಂತೆ.

ಮೀಟರ್ ಹಿಡಿದು ತಿರುಗಿಸಿದೆ. ಒಂದು ಓಮ್ ಆಸುಪಾಸು, ಎಲ್ಲ ಸರಿ! ಇಲ್ಲಿ ಸ್ವಲ್ಪ ಕೂತು ಯೋಚಿಸಬೇಕಾಯಿತು. ನಮ್ಮ ಸಾಧಾರಣ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಚಿಟಿಕೆ ಹೊಡೆಯುವಷ್ಟರಲ್ಲಿ ತುಂಡಾಗಿ ಮತ್ತೆ ಸೇರುವ ತಾಮ್ರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮೀಟರ್ ಪಕ್ಕಕ್ಕಿಟ್ಟು ಎರಡು ಪೆನ್ಸಿಲ್ ಸೆಲ್, ಒಂದು ಕೆಂಪು ಎಲ್‌ಇಡಿ, ನೂರು ಓಮ್ ರೆಸಿಸ್ಟರ್ ಸರಣಿಯಲ್ಲಿ ಆ ಎರಡು ಪಿನ್ನಿಗೆ ಜೋಡಿಸಿದೆ. ರೂಮಿನ ಲೈಟು ಆರಿಸಿ ಮೆಲ್ಲಗೆ ತಿರುಗಿಸಿದೆ. ಮಧ್ಯದಿಂದ ಬಲಕ್ಕೆ ಒಂದೂಕಾಲು ಸುತ್ತಿನ ಹತ್ತಿರ ಎಲ್‌ಇಡಿ ಕಣ್ಣು ಹೊಡೆಯಿತು. ಹಿಂದಕ್ಕೆ ತಂದೆ, ಮತ್ತೆ ಅಲ್ಲೇ ಕಣ್ಣು ಹೊಡೆಯಿತು. ಹೊಸ ಪೀಸೇ ಕೆಟ್ಟದ್ದು! ಖುಷಿಗೆ ಕೂಗಿಬಿಟ್ಟೆ, ಮನೆಯವರೆಲ್ಲ ಓಡಿ ಬಂದರು.

ನೆನಪಿಡಿ, ಇದೆಲ್ಲ ಕಾರಿಂದ ಬಿಚ್ಚಿಟ್ಟ ಕ್ಲಾಕ್ ಸ್ಪ್ರಿಂಗ್ ಮೇಲೆ ಮಾತ್ರ. ಏರ್‌ಬ್ಯಾಗಿಗೆ ಮೀಟರಾಗಲಿ ಸೆಲ್ಲಾಗಲಿ ಯಾವತ್ತೂ ತಾಗಿಸಬೇಡಿ. ಎರಡು ಗೆರೆ ಒಳಗೇ ಒಂದಕ್ಕೊಂದು ತಾಗಿವೆಯಾ ನೋಡಬೇಕಿದ್ದರೆ, ಶಾರ್ಟಿಂಗ್ ಪಟ್ಟಿಯ ಅಡಿಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ. ಎಲ್‌ಇಡಿ ಪೂರ್ತಿ ಆರಬೇಕು.

ಅಂಗಡಿಗೆ ಹೋದರೆ, "ಸಾರ್, ಎಲೆಕ್ಟ್ರಿಕಲ್ ಐಟಂ ರಿಟರ್ನ್ ಇಲ್ಲ." ಎಲ್‌ಇಡಿ ಕಣ್ಣು ಹೊಡೆಯುವುದನ್ನು ಅವರ ಟೇಬಲ್ ಮೇಲೇ ತೋರಿಸಿದೆ. "ಫಿಟ್ಟಿಂಗಲ್ಲಿ ಹೋಗಿರುತ್ತೆ ಸಾರ್." ಏರ್‌ಬ್ಯಾಗಿನ ಭಾಗ ಮಾರುವವರು ಹೀಗೆ ಹೇಳಿದರೆ ನಿಜಕ್ಕೂ ಸಿಟ್ಟು ಬರುತ್ತದೆ. 2019ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಆ ಕಾರುಗಳಿಗೆ ವಯಸ್ಸಾಗುತ್ತಿದೆ, ಈ ಪೀಸಿಗೆ ಗಿರಾಕಿ ಜಾಸ್ತಿಯಾಗುತ್ತಲೇ ಹೋಗುತ್ತಾರೆ. ಹಾಗಾಗಿ ಎಲ್‌ಇಡಿ ಜೇಬಲ್ಲಿಟ್ಟುಕೊಂಡೇ ಹೋಗಿ, ದುಡ್ಡು ಕೊಡುವ ಮೊದಲೇ ತಿರುಗಿಸಿ ನೋಡಿ. ತಿರುಗಿಸಲು ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ. ಪಕ್ಕದ ಅಂಗಡಿಯವರು ಖುಷಿಯಿಂದ ಬಿಟ್ಟರು, ತಾವೂ ಬಗ್ಗಿ ನೋಡಿದರು.

ಅಲ್ಲಿ ಒರಿಜಿನಲ್ ಸಿಕ್ಕಿತು, ಆದರೆ ಟಾಪ್ ಮಾಡೆಲಿನದು. ಪ್ಲಗ್ ಅದೇ, ಪಿನ್ ಜಾಸ್ತಿ. ತಿರುಗಿಸಿ ನೋಡಿದ್ದರಿಂದ ಲಾಕ್ ಪಿನ್ ಹೋಗಿತ್ತು, ಮಧ್ಯ ಹುಡುಕಬೇಕಾಯಿತು. ಮೆಲ್ಲಗೆ ಒಂದು ತುದಿಗೆ ಒಯ್ದು, ಇನ್ನೊಂದು ತುದಿಯವರೆಗೆ ಎಣಿಸಿದರೆ ಐದು ಸುತ್ತು. ಎರಡೂವರೆ ಹಿಂದಕ್ಕೆ ಬಂದರೆ ಬಾಣದ ಗುರುತುಗಳು ಎದುರುಬದುರು ಕೂತವು. ನನ್ನ ಸ್ಟೀರಿಂಗ್ ತುದಿಯಿಂದ ತುದಿಗೆ ಮೂರೂವರೆ ಸುತ್ತು. ಮಧ್ಯ ಸರಿಯಿದ್ದರೆ ಎರಡೂ ಕಡೆ ಮುಕ್ಕಾಲು ಸುತ್ತು ಸಲೀಸಾಗಿ ಉಳಿಯುತ್ತದೆ. ಮಧ್ಯ ಅದಕ್ಕಿಂತ ಜಾಸ್ತಿ ತಪ್ಪಿದರೆ ಮೊದಲ ಯು ಟರ್ನಿಗೇ ರಿಬ್ಬನ್ ಹರಿಯಬಹುದು. ಹಾಕುವಾಗ ಮುಂದಿನ ಚಕ್ರಗಳು ನೇರ ಇರಲೇಬೇಕು.

ಈಗ ಆ ಜಾಸ್ತಿ ಪಿನ್ನುಗಳು! ನನ್ನ ಮಾಡೆಲಿಗೆ ಸ್ಟೀರಿಂಗ್ ಮೇಲೆ ವಾಲ್ಯೂಮ್ ಬಟನ್ ಇಲ್ಲ. ಗುಜರಿಯಲ್ಲಿ ಟಾಪ್ ಮಾಡೆಲಿನ ಬಟನ್ ಸೆಟ್ ನೋಡಿಟ್ಟಿದ್ದೇನೆ. ಪ್ರತಿ ಬಟನ್ನಿಗೂ ಬೇರೆ ಬೇರೆ ರೆಸಿಸ್ಟೆನ್ಸ್, ಎಲ್ಲ ಒಂದೇ ವೈರಲ್ಲಿ ಹೋಗುತ್ತದೆ. ಆಂಡ್ರಾಯ್ಡ್ ಸ್ಟೀರಿಯೊ ಹಿಂದಿನ ಕೀ ವೈರಿಗೆ ಕೊಟ್ಟು ಒಂದೊಂದೇ ಬಟನ್ ಕಲಿಸಿದರೆ ಸಾಕು. ಡ್ಯಾಶ್‌ಬೋರ್ಡ್ ಕೆಳಗೆ ವೈರ್ ಎಳೆಯಬೇಕು, ಹೀಟರ್ ಡಕ್ಟ್ ಅಡ್ಡ ಬರುತ್ತಿದೆ. ಗ್ಲೋವ್ ಬಾಕ್ಸ್ ಕಡೆಯಿಂದ ಎಳೆಯೋದಾ, ಪೆಡಲ್ ಕಡೆಯಿಂದಲಾ? ಮಾಡಿದವರು ಹೇಳಿ. ಭಾನುವಾರ ಶುರು ಮಾಡುತ್ತಿದ್ದೇನೆ.