ಮೊದಲು ನೀರು ಯಾವುದೆಂದು ಕೇಳಿ: ಹೂವಿನಂಗಡಿಯ ಕೆಲಸ ಕಲಿಸಿದ್ದು

ಸೋಮವಾರ ಬೆಳಿಗ್ಗೆ ನಮ್ಮ ಅಂಗಡಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. “ಶನಿವಾರ ತಗೊಂಡು ಹೋದ ಗುಲಾಬಿ ಆಗಲೇ ಕತ್ತು ಬಗ್ಗಿಸಿದೆ. ಹಳೇ ಹೂವು ಕೊಟ್ಟಿದ್ರಾ?” ಬೆಂಗಳೂರಿನ ಈ ಬೊಕೆ ಅಂಗಡಿಗೆ ನಾನು ಸೇರಿದ ಹೊಸದರಲ್ಲಿ ನಮ್ಮ ಓನರ್ ಅಣ್ಣ ಹೇಳಿಕೊಟ್ಟ ಮೊದಲ ಪಾಠ ಈ ಪ್ರಶ್ನೆಯದೇ. ಹೂವು ಹಳೇದೋ ಹೊಸದೋ ಅನ್ನೋ ವಾದಕ್ಕೆ ಇಳಿಯಬೇಡ, ಮನೇಲಿ ಯಾವ ನೀರಿಗೆ ಹಾಕಿದರು ಅಂತ ಮೊದಲು ಕೇಳು ಅಂದಿದ್ದರು.

ಮೊಗ್ಗಿನಲ್ಲೇ ಕತ್ತು ಬಗ್ಗಿದ ಗುಲಾಬಿಗೆ ಸಾಮಾನ್ಯವಾಗಿ ವಯಸ್ಸಾಗಿರುವುದಿಲ್ಲ, ಬಾಯಾರಿರುತ್ತದೆ. ವಯಸ್ಸಾದ ಗುಲಾಬಿ ಪೂರ್ತಿ ಅರಳಿ, ಎಸಳು ಸಡಿಲವಾಗಿ, ಮುಟ್ಟಿದರೆ ಉದುರುತ್ತದೆ. ಇನ್ನೂ ಅರಳದೆ ತಲೆ ಕೆಳಗೆ ಹಾಕಿದೆ ಎಂದರೆ ಕಡ್ಡಿಯೊಳಗೆ ನೀರು ಏರುತ್ತಿಲ್ಲ ಅಂತಲೇ ಲೆಕ್ಕ. ಹೂವಿನ ಬುಡಕ್ಕೆ ಹತ್ತಿಕೊಂಡ ಎರಡು ಮೂರು ಅಂಗುಲ ಕಡ್ಡಿ ತುಂಬಾ ಎಳೆಯದು, ಅಲ್ಲಿ ನಾರು ಬಲಿತಿರುವುದಿಲ್ಲ. ಅದು ನೆಟ್ಟಗೆ ನಿಲ್ಲುವುದು ಒಳಗೆ ತುಂಬಿದ ನೀರಿನ ಬಲದಿಂದ. ನೀರು ಕಡಿಮೆಯಾದ ಕೂಡಲೇ ಮೊದಲು ಬಾಗುವುದು ಆ ಜಾಗವೇ.

ನೀರು ಏಕೆ ಏರುವುದಿಲ್ಲ? ಎರಡು ಕಾರಣ, ಎರಡೂ ಕಡ್ಡಿಯ ತುದಿಯಲ್ಲೇ. ಒಂದು ಗಾಳಿ, ಇನ್ನೊಂದು ಬ್ಯಾಕ್ಟೀರಿಯಾ. ಕಡ್ಡಿಯೊಳಗೆ ನೀರು ಸಾಗಿಸುವ ಸಣ್ಣ ಸಣ್ಣ ನಾಳಗಳಿವೆ. ಗಿಡದಿಂದ ಕತ್ತರಿಸಿದ ಮೇಲೂ ಎಲೆ, ಎಸಳುಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ, ನಾಳ ಕೆಳಗಿನಿಂದ ಎಳೆಯುತ್ತಲೇ ಇರುತ್ತದೆ. ಕೆಳಗೆ ನೀರಿಲ್ಲದಿದ್ದರೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಾಗೆ ಒಳಗೆ ಸೇರಿದ ಗಾಳಿಗುಳ್ಳೆ ಆಮೇಲೆ ನೀರಿಗೆ ದಾರಿ ಬಿಡುವುದಿಲ್ಲ.

ಈಗ ಹೂವು ಬರುವ ದಾರಿ ನೋಡಿ. ನಾವು ಮಾರುವ ಡಚ್ ರೋಸ್, ಅಂದರೆ ಉದ್ದ ಕಡ್ಡಿಯ ಗುಲಾಬಿ, ಹೆಚ್ಚಾಗಿ ಹೊಸೂರು, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಪಾಲಿಹೌಸುಗಳಲ್ಲಿ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮನೆಗಳಲ್ಲಿ, ಬೆಳೆದದ್ದು. ಕೊಯ್ದ ಮೇಲೆ ಬಕೆಟ್ಟಿನಲ್ಲಿ ನೀರು ಕುಡಿಸಿ, ಕೋಲ್ಡ್ ರೂಮಿನಲ್ಲಿಟ್ಟು, 20 ಹೂವಿನ ಬಂಚ್ ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಪೆಟ್ಟಿಗೆಯಲ್ಲಿರುವಷ್ಟು ಹೊತ್ತು ನೀರಿಲ್ಲ. ಅಂಗಡಿಗೆ ಬಂದ ಕೂಡಲೇ ತುದಿ ಕತ್ತರಿಸಿ ಮತ್ತೆ ನೀರಿಗಿಡುತ್ತೇವೆ. ಅಲ್ಲಿಂದ ನೀವು ಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರಿನ ಮುಂದೆ ಇಟ್ಟುಕೊಂಡು, ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು ಮನೆ ಸೇರುತ್ತೀರಿ. ಅಷ್ಟರಲ್ಲಿ ಕಡ್ಡಿಯ ತುದಿ ಮತ್ತೆ ಗಾಳಿ ಕುಡಿದಿರುತ್ತದೆ. ಅದಕ್ಕೇ ಮನೆಗೆ ಹೋದ ಕೂಡಲೇ ತುದಿಯಿಂದ ಒಂದಂಗುಲ ಓರೆಯಾಗಿ ಕತ್ತರಿಸಿ ಅಂತ ನಾವು ಪ್ರತಿ ಸಲ ಹೇಳುವುದು. ಓರೆ ಏಕೆಂದರೆ ಕಡ್ಡಿ ಹೂದಾನಿಯ ತಳಕ್ಕೆ ಅಂಟಿ ಕೂರಬಾರದು. ಹರಿತವಾದ ಚಾಕು ಒಳ್ಳೆಯದು, ಮೊಂಡು ಕತ್ತರಿ ನಾಳವನ್ನು ಜಜ್ಜಿಬಿಡುತ್ತದೆ. ಕತ್ತರಿಸಿದ ಮರುಕ್ಷಣ ನೀರಿಗಿಡಿ. ಮೊದಲು ಕತ್ತರಿಸಿ ಟೇಬಲ್ ಮೇಲೆ ಹರಡಿಕೊಂಡು, ಆಮೇಲೆ ಹೂದಾನಿ ಹುಡುಕಲು ಹೋಗುವವರೇ ಹೆಚ್ಚು.

ಕತ್ತು ಬಗ್ಗಿದ ಗುಲಾಬಿಯನ್ನು ಎಸೆಯಬೇಡಿ, ಬಹಳಷ್ಟು ಸಲ ಉಳಿಸಬಹುದು. ತುದಿಯಿಂದ ಎರಡಂಗುಲ ಕತ್ತರಿಸಿ. ಹೂವು, ಎಲೆ ಸೇರಿಸಿ ನ್ಯೂಸ್‌ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಕತ್ತು ನೆಟ್ಟಗಿರಬೇಕು. ಮಗುವಿನ ಸ್ನಾನಕ್ಕೆ ಹದ ಮಾಡುವಷ್ಟು ಬೆಚ್ಚಗಿನ ನೀರಿನಲ್ಲಿ ಅರ್ಧ ಕಡ್ಡಿ ಮುಳುಗುವಂತೆ ನಿಲ್ಲಿಸಿ, ತಂಪು ಜಾಗದಲ್ಲಿ ಎರಡು ಗಂಟೆ ಬಿಡಿ. ಹಾಗೂ ಏಳದಿದ್ದರೆ ಟಬ್ಬಿನ ನೀರಿನಲ್ಲಿ ಇಡೀ ಹೂವನ್ನೇ ಅರ್ಧ ಗಂಟೆ ಮಲಗಿಸಿ. ಅಂಗಡಿಯಲ್ಲಿ ನಾವು ಮಾಡುವುದೂ ಇದನ್ನೇ. ಬಾಡಿದ ಗುಲಾಬಿ ಮತ್ತೆ ತಲೆ ಎತ್ತುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು ನೀರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೂವಿನ ಆರೈಕೆಯ ಬಗ್ಗೆ ಮಾತಾಡುವವರು ಇದನ್ನು ಹೇಳುವುದೇ ಕಡಿಮೆ.

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನಿಂದ ಒಬ್ಬ ಮೇಡಂ ವಾರವಾರ ಗುಲಾಬಿ, ಕಾರ್ನೇಷನ್ ತರಿಸುತ್ತಿದ್ದರು. ತುಂಬಾ ಅಚ್ಚುಕಟ್ಟು. ತುದಿ ಕತ್ತರಿಸುತ್ತಿದ್ದರು, ದಿನಾ ನೀರು ಬದಲಿಸುತ್ತಿದ್ದರು. ಆದರೂ ಮೂರನೇ ದಿನಕ್ಕೆ ಎಲೆಯ ಅಂಚು ಕಂದುಬಣ್ಣಕ್ಕೆ ತಿರುಗಿ ಹೂವು ಸೊರಗುತ್ತಿತ್ತು. ನಮ್ಮಲ್ಲಿ ಒಂದು ಪದ್ಧತಿಯಿದೆ. ಪ್ರತಿ ಪೆಟ್ಟಿಗೆಯಿಂದ ಒಂದೆರಡು ಹೂವು ತೆಗೆದು, ಬಾಟಲಿಗೆ ಹಾಕಿ, ತಾರೀಖು ಬರೆದು ಒಳಗಿನ ಶೆಲ್ಫಿನಲ್ಲಿಡುತ್ತೇವೆ. ಯಾರಾದರೂ ದೂರು ಹೇಳಿದರೆ ಮೊದಲು ಆ ಬಾಟಲಿ ನೋಡುವುದು. ಅದೂ ಬಾಡಿದ್ದರೆ ತಪ್ಪು ಹೂವಿನದು, ತೋಟಕ್ಕೆ ಫೋನ್ ಮಾಡುತ್ತೇವೆ, ಗಿರಾಕಿಗೆ ಬೇರೆ ಹೂವು ಕೊಡುತ್ತೇವೆ. ಆ ಮೇಡಂ ಒಯ್ದ ಪೆಟ್ಟಿಗೆಯ ಹೂವು ನಮ್ಮ ಶೆಲ್ಫಿನಲ್ಲಿ ಒಂದು ವಾರದ ಮೇಲೂ ಚೆನ್ನಾಗಿತ್ತು.

ಅಣ್ಣ ಅವರಿಗೆ ಹೇಳಿದ್ದು ಇಷ್ಟೇ: “ಮೇಡಂ, ಈ ಸಲ ಬಂಚನ್ನ ಎರಡು ಭಾಗ ಮಾಡಿ. ಅರ್ಧ ನಲ್ಲಿ ನೀರಿಗೆ, ಅರ್ಧ ಕುಡಿಯೋ ನೀರಿಗೆ ಇಡಿ.” ಕುಡಿಯುವ ನೀರಿನಲ್ಲಿಟ್ಟದ್ದು ಉಳಿಯಿತು, ನಲ್ಲಿ ನೀರಿನದು ಎಂದಿನಂತೆ ಸೊರಗಿತು. ವಿಚಾರಿಸಿದರೆ ಆ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಅದು ಮನೆಗಳಿಗೆ ಹೋಗುವ ಮುಂಚೆ ಸಾಫ್ಟ್‌ನರ್ ಮೂಲಕ ಹಾಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುವುದು ಸಾಫ್ಟ್‌ನರ್ ಕೆಲಸ. ಗೀಸರಿಗೆ, ಕೂದಲಿಗೆ ಅದು ಅನುಕೂಲ. ಗುಲಾಬಿಗೂ ಕಾರ್ನೇಷನ್ನಿಗೂ ಆ ಸೋಡಿಯಂ ಆಗುವುದಿಲ್ಲ. ಕುಡಿಯುವ ನೀರಿನ ಆರ್‌ಓ ಫಿಲ್ಟರ್ ಸೋಡಿಯಮ್ಮನ್ನೂ ಬಹುಮಟ್ಟಿಗೆ ತೆಗೆಯುತ್ತದೆ, ಅದಕ್ಕೇ ಕುಡಿಯುವ ನೀರಿನ ಹೂವು ಬದುಕಿದ್ದು. ಅಂದಿನಿಂದ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆಯ ಗಿರಾಕಿಗಳಿಗೆಲ್ಲ ಸಾಫ್ಟ್‌ನರ್ ಇದೆಯಾ ಅಂತ ಕೇಳಿಯೇ ಹೂವು ಕೊಡುತ್ತೇವೆ. ಕಾವೇರಿ ನೀರು ಬರುವ ಮನೆಗಳಲ್ಲಿ ಈ ತೊಂದರೆ ಕಂಡಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಇದ್ದರೂ ಗ್ಲಾಡಿಯೋಲಸ್, ಜರ್ಬೆರಾ ಹೂವುಗಳಿಗೆ ಪೆಟ್ಟು ಬೀಳುತ್ತದೆ, ಎಸಳಿನ ಅಂಚು ಸುಟ್ಟಂತಾಗುತ್ತದೆ. ಅಲ್ಲೂ ಆರ್‌ಓ ಫಿಲ್ಟರ್ ನೀರೇ ಗತಿ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಒಂದು ಲೀಟರ್ ಹೂವಿಗೆ ತೆಗೆದಿಟ್ಟರೆ ಸಾಕು.

ನೀರು ಒಳ್ಳೆಯದಿದ್ದರೂ ಹೂದಾನಿ ಕೊಳಕಾಗಿದ್ದರೆ ಪ್ರಯೋಜನವಿಲ್ಲ. ಬ್ಯಾಕ್ಟೀರಿಯಾ ಬೆಳೆದು ಲೋಳೆಯಾಗಿ ನಾಳದ ಬಾಯಿ ಮುಚ್ಚುತ್ತದೆ. ಹೂದಾನಿಯ ಒಳಗೆ ಬೆರಳು ಆಡಿಸಿ, ಜಾರುತ್ತಿದ್ದರೆ ಅದೇ ಲೋಳೆ. ಸಾಬೂನು ಹಾಕಿ ಬ್ರಷ್ಷಿನಿಂದ ಉಜ್ಜಬೇಕು, ಬರೀ ಜಾಲಾಡಿಸಿದರೆ ಹೋಗುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಎಲೆಯೂ ಇರಬಾರದು, ಮುಳುಗಿದ ಎಲೆ ಕೊಳೆಯುವುದೇ ಬ್ಯಾಕ್ಟೀರಿಯಾಕ್ಕೆ ಊಟ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಹೂದಾನಿ ತೊಳೆದು, ತುದಿಯನ್ನು ಅರ್ಧ ಅಂಗುಲ ಕತ್ತರಿಸಿ. ಬೇಸಿಗೆಯಲ್ಲಿ ದಿನವೂ.

ಸಕ್ಕರೆ ಹಾಕಿದರೆ ಹೂವು ಉಳಿಯುತ್ತಂತೆ, ನಿಜವಾ ಅಂತ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಸಕ್ಕರೆ ಹೂವಿಗೆ ಆಹಾರ ಹೌದು, ಮೊಗ್ಗು ಅರಳಲು ಅದು ಬೇಕು. ಆದರೆ ಬರೀ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾ ಇನ್ನೂ ಜೋರಾಗಿ ಬೆಳೆಯುತ್ತದೆ. ಅಂಗಡಿಯಲ್ಲಿ ಕೊಡುವ ಫ್ಲವರ್ ಫುಡ್ ಪ್ಯಾಕೆಟ್ಟಿನಲ್ಲಿ ಸಕ್ಕರೆಯ ಜೊತೆಗೆ ಹುಳಿಯ ಅಂಶ, ಬ್ಯಾಕ್ಟೀರಿಯಾ ತಡೆಯುವ ಅಂಶ ಎರಡೂ ಇರುತ್ತವೆ. ಪ್ಯಾಕೆಟ್ ಇಲ್ಲದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು: 1 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಕಾಲು ಟೀ ಚಮಚ ಬಟ್ಟೆಗೆ ಹಾಕುವ ದ್ರವ ಬ್ಲೀಚ್. ಬ್ಲೀಚನ್ನೂ ನಿಂಬೆರಸವನ್ನೂ ಹಾಗೇ ಒಂದಕ್ಕೊಂದು ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಬರುತ್ತದೆ. ಪೂರ್ತಿ ಒಂದು ಲೀಟರ್ ನೀರಿಗೆ ಒಂದನ್ನು ಹಾಕಿ ಕಲಕಿ, ಆಮೇಲೆ ಇನ್ನೊಂದು. ಹೂದಾನಿಗೆ ನಾಣ್ಯ ಹಾಕಿದರೆ ಹೂವು ಉಳಿಯುತ್ತದೆ ಅಂತಲೂ ಕೆಲವರು ಹೇಳುತ್ತಾರೆ, ಅದರಿಂದ ಏನಾದರೂ ಉಪಯೋಗವಾದದ್ದನ್ನು ನಮ್ಮ ಶೆಲ್ಫಿನ ಬಾಟಲಿಗಳಲ್ಲಿ ನಾನು ನೋಡಿಲ್ಲ.

ಹೂವು ಇಡುವ ಜಾಗದ ಬಗ್ಗೆ. ಬಿಸಿಲು ಬೇಡ, ಫ್ಯಾನಿನ ಕೆಳಗೆ ಬೇಡ, ಟಿವಿಯ ಮೇಲೆ ಬೇಡ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹಣ್ಣಿನ ಬುಟ್ಟಿಯ ವಿಷಯ. ಡೈನಿಂಗ್ ಟೇಬಲ್ ಮೇಲೆ ಹೂದಾನಿ, ಪಕ್ಕದಲ್ಲೇ ಬಾಳೆಹಣ್ಣು, ಮಾವಿನಹಣ್ಣು ಇಡುವುದು ನಮ್ಮಲ್ಲಿ ವಾಡಿಕೆ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಆ ಅನಿಲವೇ ಹೂವಿಗೂ ಬೇಗ ಮುಪ್ಪು ತರುತ್ತದೆ. ಕಾರ್ನೇಷನ್ ಇದಕ್ಕೆ ತೀರಾ ಸೂಕ್ಷ್ಮ, ಎಸಳು ಒಳಮುಖವಾಗಿ ಮುದುಡಿ ನಿದ್ದೆ ಹೋದಂತೆ ಕಾಣುತ್ತದೆ. ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ದೇವರ ಕೋಣೆ ಚಿಕ್ಕದಾಗಿದ್ದು ಊದುಬತ್ತಿ, ಧೂಪ ಹಚ್ಚುವ ಅಭ್ಯಾಸವಿದ್ದರೆ ಹೂದಾನಿಯನ್ನು ಹೊರಗಿಡುವುದು ವಾಸಿ. ಫ್ರಿಜ್ಜಿನಲ್ಲಿಡುವವರಿಗೂ ಇದೇ ಮಾತು, ಒಳಗೆ ಸೇಬು, ಮಾವು ಇದ್ದರೆ ಅಲ್ಲಿ ಹೂವು ಇಡಬೇಡಿ. ಅಂಥೂರಿಯಂ, ಆರ್ಕಿಡ್ ಅಂತೂ ಫ್ರಿಜ್ಜಿಗೆ ಬೇಡವೇ ಬೇಡ. ಗುಲಾಬಿಗೆ 2ರಿಂದ 4 ಡಿಗ್ರಿ ಚಳಿ ಹಿತ, ಅಂಥೂರಿಯಂ ಬಿಸಿ ನಾಡಿನ ಹೂವು, ಆ ಚಳಿಗೆ ಕಪ್ಪಾಗುತ್ತದೆ.

ಎಲ್ಲ ಹೂವಿಗೂ ಒಂದೇ ಮದ್ದಿಲ್ಲ. ಜರ್ಬೆರಾದ ಕಡ್ಡಿ ಮೆತ್ತಗೆ, ಮೇಲೆ ನವಿರಾದ ರೋಮವಿರುತ್ತದೆ, ನೀರು ಜಾಸ್ತಿಯಾದರೆ ಕೊಳೆಯುತ್ತದೆ. ಅದಕ್ಕೆ ಎರಡಂಗುಲ ನೀರು ಸಾಕು, ದಿನಾ ಬದಲಿಸಿ. ಗ್ಲಾಡಿಯೋಲಸ್ ಅಡ್ಡ ಮಲಗಿಸಿದರೆ ತುದಿ ಮೇಲಕ್ಕೆ ಡೊಂಕಾಗುತ್ತದೆ, ಕಾರಿನಲ್ಲೂ ನಿಲ್ಲಿಸಿಯೇ ಒಯ್ಯಿರಿ. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ, ಬಾಡಿದ ಕೆಳಗಿನ ಹೂಗಳನ್ನು ಆಗಾಗ ಚಿವುಟಿ ತೆಗೆಯಿರಿ. ಸೇವಂತಿಗೆಯಲ್ಲಿ ಹೂವು ಗಟ್ಟಿ, ಎಲೆಗೆ ಆಯಸ್ಸು ಕಡಿಮೆ. ಎಲೆ ಹಳದಿಯಾಯಿತೆಂದು ಇಡೀ ಗೊಂಚಲು ಎಸೆಯುವವರಿದ್ದಾರೆ, ಎಲೆ ತೆಗೆದರೆ ಹೂವು ಹತ್ತು ದಿನ ಸಲೀಸಾಗಿ ಬರುತ್ತದೆ. ಲಿಲ್ಲಿ ಅರಳಿದ ಕೂಡಲೇ ನಡುವಿನ ಪರಾಗದ ಚೀಲಗಳನ್ನು ಟಿಶ್ಯೂ ಹಿಡಿದು ಕಿತ್ತುಬಿಡಿ, ಬಟ್ಟೆಗೆ ತಾಗಿದರೆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿ ಕೊಳ್ಳಲೇಬೇಡಿ. ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೇ ಅಪಾಯ. ಇದನ್ನು ಹೇಳಿ ಮಾರಾಟ ಕಳೆದುಕೊಂಡರೂ ಪರವಾಗಿಲ್ಲ ಅನ್ನುವುದು ನಮ್ಮ ಅಂಗಡಿಯ ನಿಯಮ, ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ಮಲ್ಲಿಗೆಯದು ಬೇರೆಯೇ ಲೆಕ್ಕ. ಅದಕ್ಕೆ ಕಡ್ಡಿಯಿಲ್ಲ, ಹೂದಾನಿಯಿಲ್ಲ. ಮೊಗ್ಗಿದ್ದಾಗ ಕೊಯ್ದು ಕಟ್ಟಿದ್ದು ಸಂಜೆಗೆ ಅರಳುತ್ತದೆ. ಮರುದಿನದ ಪೂಜೆಗೆ ಬೇಕಿದ್ದರೆ ನೀರು ಚಿಮುಕಿಸದೆ ಬಾಳೆ ಎಲೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಒದ್ದೆಯಾದ ಮಲ್ಲಿಗೆ ಬೇಗ ಕಂದುತ್ತದೆ.

ಕೊಳ್ಳುವಾಗ ನೋಡಬೇಕಾದದ್ದೂ ಇದೆ. ಗುಲಾಬಿಯ ಬುಡವನ್ನು, ಎಸಳು ಸೇರುವ ಜಾಗವನ್ನು, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಹೊಸದು, ಮೆತ್ತಗಿದ್ದರೆ ಬಿಡಿ. ಹೊರಗಿನ ಒಂದೆರಡು ಎಸಳು ಹಸಿರು ಗೆರೆಯಿಂದ ಒರಟಾಗಿದ್ದರೆ ಹೆದರಬೇಡಿ, ಮೊಗ್ಗನ್ನು ಕಾಯಲೆಂದೇ ಅವನ್ನು ಬಿಟ್ಟಿರುತ್ತಾರೆ, ಮನೆಯಲ್ಲಿ ಮೆಲ್ಲಗೆ ಕಿತ್ತರಾಯಿತು. ಆಮೇಲೆ ಕಡ್ಡಿಯ ತುದಿ ನೋಡಿ, ಕಪ್ಪಾಗಿ ಲೋಳೆ ಕಟ್ಟಿರಬಾರದು. ಹೂವು ನಿಲ್ಲಿಸಿರುವ ಬಕೆಟ್ಟಿನ ನೀರು ತಿಳಿಯಾಗಿದೆಯೇ, ವಾಸನೆ ಬರುತ್ತಿದೆಯೇ ಅಂತ ಬಗ್ಗಿ ನೋಡಿ. ನೀರು ಯಾವಾಗ ಬದಲಿಸಿದಿರಿ ಅಂತ ಅಂಗಡಿಯವರನ್ನು ಕೇಳಿ. ನಾವು ನಿಮ್ಮ ಮನೆಯ ನೀರಿನ ಬಗ್ಗೆ ಕೇಳುತ್ತೇವಲ್ಲ, ನೀವು ನಮ್ಮ ಬಕೆಟ್ಟಿನ ಬಗ್ಗೆ ಕೇಳಿದರೆ ನಮಗೆ ಬೇಸರವಿಲ್ಲ.